ಓದುಗರ ಪ್ರಶ್ನೆ: ಗ್ರಂಥಾಲಯದ ಚಾಟ್ ಕಿಟಕಿಯ ಆಚೆ ಯಾರು ಕೂತಿರಬೇಕು?

ಗ್ರಂಥಾಲಯದ ಪುಸ್ತಕಸೂಚಿಯನ್ನು ಮನೆಯಿಂದಲೇ ಹುಡುಕುವ ಬಗೆಯನ್ನು ಕುರಿತು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿವೆ: ಹುಡುಕಿದ್ದು ಸಿಗದಿದ್ದಾಗ ಕೂತಲ್ಲಿಂದಲೇ ಗ್ರಂಥಪಾಲಕರನ್ನು ವಿಚಾರಿಸುವಂತಾಗಬೇಕಲ್ಲ, ಅದಕ್ಕೇನು ದಾರಿ? ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಚಾಟ್ ಮೂಲಕ ನಡೆಯುವ ಪರಾಮರ್ಶನ ಸೇವೆಯನ್ನಷ್ಟೇ, ಅಂದರೆ ಓದುಗರ ಪ್ರಶ್ನೆಗೆ ಗ್ರಂಥಪಾಲಕರು ಉತ್ತರ ಹುಡುಕಿಕೊಡುವ ಸೇವೆಯನ್ನಷ್ಟೇ, ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮದು ಪದವಿ ಕಾಲೇಜಿನ ಗ್ರಂಥಾಲಯ. ಕೋಹಾ ತಂತ್ರಾಂಶದಲ್ಲಿ ನಮ್ಮ ಪುಸ್ತಕಸೂಚಿ ಆನ್‌ಲೈನ್ ಆಗಿ ಎರಡು ವರ್ಷವಾಯಿತು. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಜಾಲತಾಣದಲ್ಲಿ ಚಾಟ್ ಸೌಲಭ್ಯ ಇರಲೇಬೇಕು, ಅದು ಮೊಬೈಲಿನಲ್ಲೂ ನಡೆಯಬೇಕು ಎಂದು ಆಡಳಿತ ಮಂಡಳಿಯವರು ಹೇಳಿದ್ದಾರೆ. ಇಲ್ಲಿರುವವರು ನಾನು ಮತ್ತು ಒಬ್ಬ ಅಟೆಂಡರ್ ಮಾತ್ರ. ಯಾವ ತಂತ್ರಾಂಶವನ್ನು ಹಾಕಿಕೊಳ್ಳಲಿ?
— ಗ್ರಂಥಪಾಲಕರು, ಗೋಕಾಕ

ಉತ್ತರ: ತಂತ್ರಾಂಶದ ಮಾತಿಗೆ ಆಮೇಲೆ ಬರುತ್ತೇನೆ, ಅದಕ್ಕೂ ಮೊದಲು ನೀವು ತೀರ್ಮಾನಿಸಬೇಕಾದದ್ದು ಉತ್ತರ ಕೊಡುವವರು ಯಾರು ಮತ್ತು ಯಾವ ಹೊತ್ತಿನಲ್ಲಿ ಎಂಬುದನ್ನು. ಓದುಗನ ಜೊತೆ ಗ್ರಂಥಪಾಲಕ ನೇರವಾಗಿ ಮಾತಾಡಿ ಅವನಿಗೆ ಬೇಕಾದದ್ದನ್ನು ಹುಡುಕಿಕೊಡಬೇಕು ಎಂಬ ವಿಚಾರವನ್ನು ಅಮೆರಿಕದ ವುಸ್ಟರ್ ನಗರದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ ಅವರು ಮಂಡಿಸಿದ್ದು 1876ರಲ್ಲಿ. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ಚಾಟ್ ಎಂಬುದು ಈ ಹಳೆಯ ಸೇವೆಗೆ ಸಿಕ್ಕಿರುವ ಹೊಸ ಬಾಗಿಲು ಮಾತ್ರ. ಬಾಗಿಲು ತಟ್ಟಿದವನಿಗೆ ಒಳಗಿನಿಂದ ದನಿ ಕೇಳಿಸದಿದ್ದರೆ ಅವನು ಇನ್ನೊಮ್ಮೆ ಆ ಕಡೆ ಸುಳಿಯುವುದಿಲ್ಲ, ತನ್ನ ಗೆಳೆಯರಿಗೂ ಹಾಗೆಯೇ ಹೇಳುತ್ತಾನೆ.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಚಾಟ್ ಸೇವೆಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಟ್ಟೆವು. ಕಚೇರಿಯ ವೇಳೆ ಅದೇ ಆದ್ದರಿಂದ ಬೇರೆ ಯೋಚನೆಯನ್ನೇ ಮಾಡಲಿಲ್ಲ. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳು ತರಗತಿಯಲ್ಲಿರುತ್ತಿದ್ದರು, ನಾನು ಕೌಂಟರಿನಲ್ಲಿ ಪುಸ್ತಕ ಕೊಡುವ, ಮರಳಿ ಪಡೆಯುವ ಕೆಲಸದಲ್ಲಿರುತ್ತಿದ್ದೆ. ಪ್ರಶ್ನೆಗಳು ಬರುತ್ತಿದ್ದದ್ದು ಊಟ ಮುಗಿಸಿ ಮಕ್ಕಳು ಓದಲು ಕೂತ ಮೇಲೆ, ರಾತ್ರಿ ಎಂಟರ ನಂತರ. ಮರುದಿನ ಬೆಳಿಗ್ಗೆ ನಾನು ಉತ್ತರ ಬರೆಯುವಷ್ಟರಲ್ಲಿ ಕೇಳಿದವರು ಆ ಪುಟವನ್ನು ಮುಚ್ಚಿ ಹೋಗಿರುತ್ತಿದ್ದರು. ಎರಡು ತಿಂಗಳಲ್ಲಿ ಆ ಸೇವೆ ತಾನಾಗಿಯೇ ಬತ್ತಿಹೋಯಿತು. ತಂತ್ರಾಂಶದಲ್ಲಿ ಯಾವ ಲೋಪವೂ ಇರಲಿಲ್ಲ. ವೇಳೆಯನ್ನು ಗೊತ್ತುಮಾಡುವಾಗ ಓದುಗರನ್ನು ಕೇಳದಿದ್ದದ್ದು ನಮ್ಮ ತಪ್ಪು.

ಆದ್ದರಿಂದ ನಿಮ್ಮ ವಿದ್ಯಾರ್ಥಿಗಳನ್ನು ವಿಚಾರಿಸಿ, ದಿನಕ್ಕೆ ಒಂದೇ ಒಂದು ಗಂಟೆಯಾದರೂ ಸರಿ, ಅವರು ಓದಲು ಕೂರುವ ಹೊತ್ತನ್ನು ಆರಿಸಿಕೊಂಡು, ಆ ಗಂಟೆಯಲ್ಲಿ ತಪ್ಪದೆ ಉತ್ತರ ಕೊಡಿ. ಸಂಜೆಯ ಆ ಗಂಟೆಯನ್ನು ಕರ್ತವ್ಯದ ಅವಧಿಯೆಂದೇ ಲೆಕ್ಕ ಹಿಡಿಯಬೇಕೆಂದು ಆಡಳಿತ ಮಂಡಳಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇದನ್ನು ಕೇಳಲು ಸಂಕೋಚ ಬೇಡ. ಸೌಲಭ್ಯ ಬೇಕೆಂದು ಹೇಳಿದವರೇ ಅದಕ್ಕೆ ಬೇಕಾದ ವೇಳೆಯನ್ನೂ ಕೊಡಬೇಕಾಗುತ್ತದೆ.

ಇನ್ನು ತಂತ್ರಾಂಶ. ಇದರಲ್ಲಿ ಎರಡು ಬಗೆ. ಮೊದಲನೆಯದು ಜಾಲಪುಟದ ಮೂಲೆಯಲ್ಲಿ ತೇಲುವ ಚಾಟ್ ಪೆಟ್ಟಿಗೆ. ಸೇವೆ ಕೊಡುವ ಕಂಪನಿಯವರು ಕೆಲವು ಸಾಲುಗಳ ಸಂಕೇತವನ್ನು (ಕೋಡ್) ಕೊಡುತ್ತಾರೆ, ಅದನ್ನು ನಿಮ್ಮ ಜಾಲಪುಟದಲ್ಲಿ ಸೇರಿಸಿದರೆ ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ. ಓದುಗ ಅಲ್ಲಿ ಬರೆದದ್ದು ಕಂಪನಿಯ ಸರ್ವರ್ ಮೂಲಕ ನಿಮ್ಮ ಪರದೆಗೆ ಬರುತ್ತದೆ. ಎರಡನೆಯದು ಓದುಗರ ಕೈಯಲ್ಲಿ ಈಗಾಗಲೇ ಇರುವ ವಾಟ್ಸ್‌ಆ್ಯಪ್, ಟೆಲಿಗ್ರಾಂನಂಥ ಆ್ಯಪ್‌ಗಳಿಗೆ ಜಾಲಪುಟದಿಂದ ಒಂದು ಕೊಂಡಿ ಕೊಡುವುದು.

ಮೊದಲನೆಯ ಬಗೆಯನ್ನು ಆರಿಸುವವರು ಒಂದು ಹಳೆಯ ಘಟನೆಯನ್ನು ನೆನಪಿಡಬೇಕು. 2006ರಲ್ಲಿ ಮೀಬೋ ಎಂಬ ಸಂಸ್ಥೆ ಯಾವ ಜಾಲಪುಟಕ್ಕಾದರೂ ಸೇರಿಸಬಹುದಾದ ಉಚಿತ ಚಾಟ್ ಪೆಟ್ಟಿಗೆಯನ್ನು ಕೊಟ್ಟಾಗ ಅಮೆರಿಕದ ಅನೇಕ ಗ್ರಂಥಾಲಯಗಳು ಅದನ್ನು ಅಕ್ಕರೆಯಿಂದ ಹಾಕಿಕೊಂಡವು. 2012ರಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡಿತು, ಕೆಲವೇ ವಾರಗಳಲ್ಲಿ ಆ ಸೇವೆ ನಿಂತಿತು. ಗ್ರಂಥಾಲಯಗಳವರು ಅವಸರದಲ್ಲಿ ಬೇರೆ ದಾರಿ ಹುಡುಕಬೇಕಾಯಿತು. ಒಂದು ಕಾಲಕ್ಕೆ ಅಲ್ಲಿ ಮನೆಮಾತಾಗಿದ್ದ ಎಒಎಲ್ ಸಂಸ್ಥೆಯ ಮೆಸೆಂಜರ್ ಕೂಡ 2017ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹೀಗಾಗಿ ನಿಮ್ಮ ಕರಪತ್ರ, ಗುರುತಿನ ಚೀಟಿ, ಗೋಡೆಬರಹಗಳಲ್ಲಿ ಯಾವ ಕಂಪನಿಯ ವಿಳಾಸವನ್ನೂ ಕೊಡಬೇಡಿ. ನಿಮ್ಮ ಜಾಲತಾಣದಲ್ಲಿ 'ಗ್ರಂಥಪಾಲಕರನ್ನು ಕೇಳಿ' ಎಂಬ ಒಂದು ಪುಟವನ್ನು ಮಾಡಿ ಅದರ ವಿಳಾಸವನ್ನಷ್ಟೇ ಎಲ್ಲ ಕಡೆ ಕೊಡಿ. ಒಳಗಿನ ಸಾಧನ ಬದಲಾದರೂ ಆ ವಿಳಾಸ ಬದಲಾಗುವುದಿಲ್ಲ.

ಒಬ್ಬರೇ ನಡೆಸುವ ಗ್ರಂಥಾಲಯಕ್ಕೆ ನನ್ನ ಸಲಹೆ ಎರಡನೆಯ ಬಗೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತವಾಗಿ ಸಿಗುತ್ತದೆ. ವೇಳೆ ಮುಗಿದ ಮೇಲೆ ಬಂದ ಸಂದೇಶಕ್ಕೆ 'ನಾಳೆ ಸಂಜೆ ಏಳಕ್ಕೆ ಉತ್ತರಿಸುತ್ತೇವೆ' ಎಂದು ತಾನಾಗಿಯೇ ತಿಳಿಸುವ, ಪದೇಪದೇ ಬರೆಯಬೇಕಾದ ಉತ್ತರಗಳನ್ನು ಮೊದಲೇ ಬರೆದಿಡುವ, ಬಾಕಿ ಉಳಿದ ಪ್ರಶ್ನೆಗಳಿಗೆ ಗುರುತು ಹಚ್ಚುವ ಅನುಕೂಲ ಅದರಲ್ಲಿದೆ. ಅದೇ ಖಾತೆಯನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲೂ ತೆರೆದುಕೊಂಡು ಬೆರಳಚ್ಚಿಸಬಹುದು. ಆದರೆ ದಯವಿಟ್ಟು ನಿಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಇದಕ್ಕೆ ಕೊಡಬೇಡಿ. ನಾಳೆ ನೀವು ಬೇರೆ ಕಡೆ ಹೋದರೆ ಇಡೀ ಸೇವೆ ನಿಮ್ಮ ಜೇಬಿನಲ್ಲೇ ಹೊರಟುಹೋಗುತ್ತದೆ, ನಿಮ್ಮ ಮನೆಯ ರಾತ್ರಿಗಳೂ ನಿಮ್ಮವಾಗಿ ಉಳಿಯುವುದಿಲ್ಲ. ಗ್ರಂಥಾಲಯದ ಹೆಸರಿನಲ್ಲಿ ಬೇರೆ ಸಿಮ್ ಕೊಳ್ಳಿ. ಕಾಲೇಜಿನ ಲ್ಯಾಂಡ್‌ಲೈನ್ ಸಂಖ್ಯೆಯಲ್ಲಿಯೂ ಈ ಆ್ಯಪನ್ನು ನೋಂದಾಯಿಸಬಹುದು. ಕರೆಯ ಮೂಲಕ ದೃಢೀಕರಣ ಸಂಖ್ಯೆ ಬರುತ್ತದೆ.

ಕೊಂಡಿಯನ್ನು ಎಲ್ಲಿ ಇಡಬೇಕೆಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಸೇವೆಯ ಅರ್ಧ ಯಶಸ್ಸು ಅಲ್ಲಿಯೇ ಇದೆ. ಮುಖಪುಟದ ಮೂಲೆಯಲ್ಲಿ ಇಟ್ಟರೆ ಅದು ಅಲಂಕಾರವಾಗಿ ಉಳಿಯುತ್ತದೆ. ಓದುಗನಿಗೆ ಸಹಾಯ ಬೇಕಾಗುವುದು ಅವನು ಹುಡುಕಿ ಸೋತ ಜಾಗದಲ್ಲಿ, ಅಂದರೆ 'ಯಾವ ಪುಸ್ತಕವೂ ಸಿಗಲಿಲ್ಲ' ಎಂದು ಪುಸ್ತಕಸೂಚಿ ಹೇಳುವ ಪುಟದಲ್ಲಿ. ಕೋಹಾದಲ್ಲಿ ಆ ಪುಟಕ್ಕೆ ನಮ್ಮದೇ ಸಂದೇಶ ಬರೆಯಲು ಅವಕಾಶವಿದೆ, ಮತ್ತು ಓದುಗ ಹುಡುಕಿದ ಪದ ತಾನಾಗಿ ಆ ಸಂದೇಶದಲ್ಲಿ ಬಂದು ಕೂರುವಂತೆಯೂ ಮಾಡಬಹುದು. ವಾಟ್ಸ್‌ಆ್ಯಪ್ ಕೊಂಡಿಯಲ್ಲಿಯೂ ಮೊದಲೇ ಸಂದೇಶವನ್ನು ತುಂಬಿಡಲು ಬರುತ್ತದೆ. ಇವೆರಡನ್ನೂ ಜೋಡಿಸಿದರೆ ಓದುಗ ಒಮ್ಮೆ ಒತ್ತಿದ ಕೂಡಲೇ 'ನಾನು ಇದನ್ನು ಹುಡುಕಿದೆ, ಸಿಗಲಿಲ್ಲ' ಎಂಬ ಸಂದೇಶ ಅವನ ಮೊಬೈಲಿನಲ್ಲಿ ಸಿದ್ಧವಾಗಿರುತ್ತದೆ, ಅವನು ಕಳಿಸಿದರೆ ಸಾಕು. ಏನು ಬರೆಯಬೇಕೆಂದು ತಿಳಿಯದೆ ಹಿಂಜರಿಯುವ ಮಕ್ಕಳಿಗೆ ಇದರಿಂದ ಎಷ್ಟೋ ಧೈರ್ಯ ಬರುತ್ತದೆ. ನಿಮ್ಮ ಕೋಹಾ ನೋಡಿಕೊಳ್ಳುವವರಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಎಲ್ಲವೂ ಸಿದ್ಧವಾದ ಮೇಲೆ ಅಟೆಂಡರ್ ಅವರ ಮೊಬೈಲನ್ನೋ, ಕಡಿಮೆ ಬೆಲೆಯ ಬೇರೆ ಯಾವುದಾದರೂ ಮೊಬೈಲನ್ನೋ ತೆಗೆದುಕೊಂಡು, ವೈಫೈ ಬಂದ್ ಮಾಡಿ, ಪುಟ ತೆರೆದು ನೋಡಿ. ತೇಲುವ ಚಾಟ್ ಪೆಟ್ಟಿಗೆಗಳು ಚಿಕ್ಕ ಪರದೆಯಲ್ಲಿ 'ಕಾಯ್ದಿರಿಸಿ' ಎಂಬ ಬಟನ್ ಮೇಲೆಯೇ ಬಂದು ಕೂರುವುದುಂಟು, ನೆಟ್‌ವರ್ಕ್ ನಿಧಾನವಿರುವ ಕಡೆ ಇಡೀ ಪುಟವನ್ನೇ ತಡೆದು ನಿಲ್ಲಿಸುವುದುಂಟು. ಬರೀ ಕೊಂಡಿಯಾದರೆ ಈ ತೊಂದರೆ ಇಲ್ಲ.

ಒಬ್ಬರಿಂದ ವಾರದ ಆರು ಸಂಜೆಯೂ ಆಗದಿದ್ದರೆ ನೆರೆಯ ಕಾಲೇಜುಗಳ ಗ್ರಂಥಪಾಲಕರನ್ನು ಕೂಡಿಸಿಕೊಳ್ಳಿ. ಮೂವರು ಸೇರಿದರೆ ಒಬ್ಬರ ಪಾಲಿಗೆ ಎರಡೇ ಸಂಜೆ ಬರುತ್ತವೆ. ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಒಸಿಎಲ್‌ಸಿ ಕೂಡಿ ಕ್ವೆಶ್ಚನ್‌ಪಾಯಿಂಟ್ ಎಂಬ ಹೆಸರಿನಲ್ಲಿ ಆರಂಭಿಸಿದ್ದವು. ಒಂದು ಗ್ರಂಥಾಲಯ ಮಲಗಿದ್ದಾಗ ಇನ್ನೊಂದು ಉತ್ತರಿಸುತ್ತಿತ್ತು. ಗೋಕಾಕ, ಘಟಪ್ರಭಾ, ಮೂಡಲಗಿಯ ಮೂರು ಕಾಲೇಜುಗಳು ಕೂಡಿದರೆ ಅಷ್ಟು ದೊಡ್ಡ ವ್ಯವಸ್ಥೆಯ ಅಗತ್ಯವೇ ಇಲ್ಲ. ಮತ್ತು ಬಂದ ಪ್ರಶ್ನೆ, ಕೊಟ್ಟ ಉತ್ತರ, ಸಿಗದ ಪುಸ್ತಕ ಇವನ್ನು ಓದುಗರ ಹೆಸರಿಲ್ಲದೆ ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಮುಂದಿನ ವರ್ಷ ಯಾವ ಪುಸ್ತಕ ತರಿಸಬೇಕೆಂಬುದು ಅದರಿಂದ ತಿಳಿಯುತ್ತದೆ, ನ್ಯಾಕ್ ತಂಡದವರ ಮುಂದೆ ಇಡಲು ಅದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ.

ಪ್ರಶ್ನೆ: ಒಂದು ಗ್ರಂಥಾಲಯದ ಚಾಟ್‌ನಲ್ಲಿ 'ಸರ, ಬಾಗಲಕೋಟಿ ಜಿಲ್ಲಾದ ಹಳೇ ಇತಿಹಾಸದ ಬುಕ್ ಅದಾವೇನ್ರಿ' ಎಂದು ಕೇಳಿದೆ. ಒಂದು ನಿಮಿಷದಲ್ಲಿ 'ಇಲ್ಲ' ಎಂದು ಉತ್ತರ ಬಂತು, ಮಾತು ಮುಗಿಯಿತು. ನಾನು ಎಂ.ಎ. ವಿದ್ಯಾರ್ಥಿ, ನಮ್ಮ ಊರಿನ ಬಗ್ಗೆ ಕಿರುಪ್ರಬಂಧ ಬರೆಯಬೇಕಾಗಿದೆ. ನಿಜವಾಗಿಯೂ ಪುಸ್ತಕಗಳಿಲ್ಲವೇ?
— ವಿದ್ಯಾರ್ಥಿ, ಜಮಖಂಡಿ

ಉತ್ತರ: ಇವೆ, ಮತ್ತು ನಿಮಗೆ ಸಿಕ್ಕ ಉತ್ತರದ ಬಗ್ಗೆ ನನಗೆ ಬೇಸರವಾಗಿದೆ. ಉತ್ತರಿಸಿದವರು 'ಬಾಗಲಕೋಟೆ' ಎಂಬ ಪದವನ್ನು ಸೂಚಿಯಲ್ಲಿ ಹಾಕಿ ನೋಡಿದ್ದಾರೆ, ನಿಮ್ಮನ್ನು ತಿರುಗಿ ಏನನ್ನೂ ಕೇಳಿಲ್ಲ. ಪರಾಮರ್ಶನ ಸೇವೆಯ ಜೀವಾಳವೇ ಆ ಮರುಪ್ರಶ್ನೆ. ಮೇಜಿನ ಎದುರು ನಿಂತ ಓದುಗನ ಮುಖ ನೋಡಿದರೆ ಅವನಿಗೆ ತೃಪ್ತಿಯಾಯಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಚಾಟ್‌ನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ಅಲ್ಲಿ ಇನ್ನೂ ಹೆಚ್ಚು ಕೇಳಬೇಕು. ಯಾವ ಊರಿನ ಇತಿಹಾಸ, ಯಾವ ಕಾಲದ್ದು, ಯಾವುದಕ್ಕಾಗಿ ಬೇಕು, ಇಂಗ್ಲಿಷ್ ಪುಸ್ತಕವಾದರೂ ನಡೆಯುತ್ತದೆಯೇ ಎಂಬ ನಾಲ್ಕು ಮಾತುಗಳನ್ನು ನಿಮ್ಮನ್ನು ಕೇಳಿದ್ದರೆ ದಾರಿ ತೆರೆಯುತ್ತಿತ್ತು.

ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಬರಹಗಳು ಬಿಜಾಪುರ ಅಥವಾ ವಿಜಾಪುರ ಜಿಲ್ಲೆ ಎಂಬ ಹೆಸರಿನಲ್ಲಿರುತ್ತವೆ. ಇನ್ನೂ ಹಿಂದೆ ಹೋದರೆ ಆ ಜಿಲ್ಲೆಗೆ ಕಲಾದಗಿಯ ಹೆಸರೇ ಇತ್ತು. ಬಿಜಾಪುರ ವಿಜಯಪುರವೆಂದೂ ಬೆಳಗಾಂ ಬೆಳಗಾವಿಯೆಂದೂ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಸೂಚಿಯಲ್ಲಿರುವ ಹಳೆಯ ಪುಸ್ತಕಗಳು ಈ ಹೊಸ ಹೆಸರುಗಳಿಗೆ ಓಗೊಡುವುದಿಲ್ಲ. ಹಳೆಯ ಹೆಸರಿನಲ್ಲಿ ಹುಡುಕಿದರೆ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರ್ (ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥ) ಮಾಲೆಯ 23ನೆಯ ಸಂಪುಟ ಸಿಗುತ್ತದೆ. 1884ರಲ್ಲಿ ಇಂಗ್ಲಿಷಿನಲ್ಲಿ ಬಂದ ಆ ಸಂಪುಟ ಬಿಜಾಪುರ ಜಿಲ್ಲೆಯದು, ಬಾದಾಮಿ, ಹುನಗುಂದ, ಬಾಗಲಕೋಟೆ ಎಲ್ಲ ಅದರಲ್ಲಿವೆ. ಆದರೆ ನಿಮ್ಮ ಊರು ಜಮಖಂಡಿ ಎಂದಿದ್ದೀರಿ. ಜಮಖಂಡಿಯೂ ಮುಧೋಳವೂ 1948ರವರೆಗೆ ಸಂಸ್ಥಾನಗಳಾಗಿದ್ದವು, ಬ್ರಿಟಿಷ್ ಜಿಲ್ಲೆಯ ಭಾಗವಾಗಿರಲಿಲ್ಲ. ಆದ್ದರಿಂದ ನೀವು 'ದಕ್ಷಿಣ ಮರಾಠಾ ಸಂಸ್ಥಾನಗಳು' ಎಂಬ ವಿಷಯದ ಅಡಿಯಲ್ಲಿ ಹುಡುಕಬೇಕು, ಮರಾಠಿ ಬಲ್ಲವರ ನೆರವೂ ನಿಮಗೆ ಬೇಕಾಗುತ್ತದೆ. ಶಾಸನಗಳು ಬೇಕಾದರೆ ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ 11, 15, 18 ಮತ್ತು 20ನೆಯ ಸಂಪುಟಗಳು ಬಾಂಬೆ-ಕರ್ನಾಟಕದ, ಅಂದರೆ ಹಿಂದೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕನ್ನಡ ಜಿಲ್ಲೆಗಳ ಶಾಸನಗಳಿಗೇ ಮೀಸಲಾಗಿವೆ.

ಎಲ್ಲ ಪ್ರಶ್ನೆಗಳಿಗೂ ಇಷ್ಟು ಹುಡುಕಾಟ ಬೇಕಾಗುವುದಿಲ್ಲ. ಐಹೊಳೆಯ ಮೇಗುತಿಯ ಶಾಸನದ ಕಾಲ ಯಾವುದೆಂದು ಕೇಳಿದರೆ ಶಕ 556, ಅಂದರೆ ಕ್ರಿ.ಶ. 634–35 ಎಂದೂ, ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾ ಮಾಲೆಯ ಆರನೆಯ ಸಂಪುಟದಲ್ಲಿ ಅದರ ಪಾಠ ಇದೆಯೆಂದೂ ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದು. ಯಾವ ಪ್ರಶ್ನೆ ಒಂದು ಸಾಲಿನದು, ಯಾವುದು ಒಂದು ವಾರದ್ದು ಎಂಬುದನ್ನು ಗುರುತಿಸುವುದು ಚಾಟ್‌ನಲ್ಲಿ ಕೂತವರ ಕೆಲಸ. ಎರಡನೆಯ ಬಗೆಯದಾದರೆ 'ಕಪಾಟು ನೋಡಿ ಬರುತ್ತೇನೆ, ಐದು ನಿಮಿಷ ಇರಿ' ಎಂದೋ 'ನಾಳೆ ಗ್ರಂಥಾಲಯಕ್ಕೇ ಬನ್ನಿ, ಕೂತು ನೋಡೋಣ' ಎಂದೋ ಹೇಳಬೇಕು. ನೀವು ಆ ಗ್ರಂಥಾಲಯಕ್ಕೆ ಇನ್ನೊಮ್ಮೆ ಬರೆಯಿರಿ. ಈ ಸಲ ಊರಿನ ಹೆಸರು, ಕಾಲ, ಉದ್ದೇಶ ಮೂರನ್ನೂ ಮೊದಲ ಸಂದೇಶದಲ್ಲಿಯೇ ಹೇಳಿರಿ.

ಪ್ರಶ್ನೆ: ನಾವು ಹಾಸ್ಟೆಲಿನಲ್ಲಿರುವವರು, ಸಂಜೆಯ ಮೇಲೆ ಗ್ರಂಥಾಲಯಕ್ಕೆ ಹೋಗಲಾಗುವುದಿಲ್ಲ. ಕಾಲೇಜಿನವರು ಗ್ರಂಥಾಲಯಕ್ಕೆಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ದಾರೆ. ಅದರಲ್ಲಿ ಕೇಳಲು ಮುಜುಗರವಾಗುತ್ತದೆ. ಆರೋಗ್ಯದ ಬಗ್ಗೆ, ಕಾನೂನಿನ ಬಗ್ಗೆ ಪುಸ್ತಕ ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಏನು ಮಾಡಬೇಕು?
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಮ್ಮ ಮುಜುಗರ ನ್ಯಾಯವಾದದ್ದು, ಮತ್ತು ಗ್ರೂಪ್ ಮಾಡಿದ್ದು ತಪ್ಪು ನಿರ್ಧಾರ. ಗ್ರೂಪಿನಲ್ಲಿ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆಯೂ ಉಳಿದವರೆಲ್ಲರಿಗೆ ಕಾಣುತ್ತದೆ, ಕೇಳಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬ ಓದುಗ ಯಾವ ಪುಸ್ತಕ ಕೇಳಿದ ಎಂಬುದು ಅವನ ಮತ್ತು ಗ್ರಂಥಪಾಲಕರ ನಡುವೆ ಉಳಿಯಬೇಕಾದ ಮಾತು. ಅದನ್ನು ಪ್ರಾಧ್ಯಾಪಕರಿಗಾಗಲಿ, ವಾರ್ಡನ್ ಅವರಿಗಾಗಲಿ, ಮನೆಯವರಿಗಾಗಲಿ ಹೇಳಬಾರದು. ಗ್ರೂಪನ್ನು ಹೊಸ ಪುಸ್ತಕಗಳ ಸುದ್ದಿ ಹಂಚಲು ಇಟ್ಟುಕೊಂಡು, ಪ್ರಶ್ನೆಗಳನ್ನು ನೇರವಾಗಿ ಗ್ರಂಥಾಲಯದ ಸಂಖ್ಯೆಗೆ ಕಳಿಸುವಂತೆ ಮಾಡಿರೆಂದು ನಾಲ್ಕೈದು ಜನ ಕೂಡಿ ಮನವಿ ಕೊಡಿ.

ಗೋಕಾಕದವರಿಗೆ ವಾಟ್ಸ್‌ಆ್ಯಪ್ ಸಾಕೆಂದು ಮೇಲೆ ಹೇಳಿದ್ದೇನೆ. ಮಹಿಳಾ ಕಾಲೇಜುಗಳಿಗೆ ಮಾತ್ರ ನನ್ನ ಸಲಹೆ ಬೇರೆ. ಜಾಲಪುಟದಲ್ಲಿಯೇ ತೆರೆಯುವ ಚಾಟ್ ಪೆಟ್ಟಿಗೆಯಲ್ಲಿ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಕೊಡದೆ ಕೇಳುವಂತೆ ಮಾಡಬಹುದು, ಟೆಲಿಗ್ರಾಂನಲ್ಲಿಯೂ ಸಂಖ್ಯೆಯನ್ನು ಮರೆಮಾಡಿ ಬಳಕೆದಾರ ಹೆಸರಿನಿಂದ ಮಾತಾಡಬಹುದು. ಸ್ವಲ್ಪ ಹೆಚ್ಚಿನ ಕೆಲಸವಾದರೂ ಅಲ್ಲಿ ಈ ದಾರಿಯೇ ಸರಿ. ಸಂಭಾಷಣೆಗಳನ್ನು ಒಂದು ಗೊತ್ತಾದ ಅವಧಿಯ ನಂತರ ಅಳಿಸುತ್ತೇವೆಂದು ಗ್ರಂಥಾಲಯದವರು ಆ ಪುಟದಲ್ಲಿಯೇ ಬರೆಯಬೇಕು ಮತ್ತು ಅಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಪಿಯುಸಿ ಇರುವ ಕಾಲೇಜುಗಳು ಇದನ್ನು ಗಮನಿಸಬೇಕು. ಬೇಡದ ಮಾಹಿತಿಯನ್ನು ಕೇಳದೇ ಇರುವುದು ಎಲ್ಲಕ್ಕಿಂತ ಸುಲಭದ ದಾರಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಗ್ರಂಥಾಲಯದ ಚಾಟ್‌ನಲ್ಲಿ 'ಪಿಡಿಎಫ್ ಕಳಿಸ್ರಿ' ಎಂದರೆ ಆಗುವುದಿಲ್ಲ ಎನ್ನುತ್ತಾರೆ. ಪುಸ್ತಕ ಅವರಲ್ಲಿ ಇದ್ದರೂ ಏಕೆ ಕಳಿಸುವುದಿಲ್ಲ?
— ಓದುಗ, ಬೈಲಹೊಂಗಲ

ಉತ್ತರ: ಅವರು ಹೇಳಿದ್ದು ಸರಿ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆ ಅವಕಾಶ ಕೊಡುವುದಿಲ್ಲ. ಸ್ವಂತ ಅಧ್ಯಯನಕ್ಕೆ ನ್ಯಾಯಯುತವಾಗಿ ಬಳಸಿಕೊಳ್ಳಲು 52ನೆಯ ಕಲಮಿನಲ್ಲಿ ವಿನಾಯಿತಿ ಇದೆ, ಆದ್ದರಿಂದ ನಿಮಗೆ ಬೇಕಾದ ಒಂದೆರಡು ಪುಟಗಳನ್ನು, ಒಂದು ಕೋಷ್ಟಕವನ್ನು, ಪರಿವಿಡಿಯನ್ನು ಕೇಳಿದರೆ ಅವರು ಫೋಟೋ ತೆಗೆದು ಕಳಿಸಬಹುದು. ಪರಿವಿಡಿಯನ್ನು ಮೊದಲು ಕೇಳುವುದು ಒಳ್ಳೆಯ ಅಭ್ಯಾಸ. ಆ ಪುಸ್ತಕಕ್ಕಾಗಿ ಬೈಲಹೊಂಗಲದಿಂದ ಬೆಳಗಾವಿಯವರೆಗೆ ಬಸ್ ಹತ್ತಬೇಕೋ ಬೇಡವೋ ಎಂಬುದು ಅದರಿಂದಲೇ ತಿಳಿಯುತ್ತದೆ. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ ಇದೆ, ಅದನ್ನು ಮೊಬೈಲಿನಲ್ಲಿಯೇ ಓದಬಹುದು.

ಹಳೆಯ ಕೃತಿಗಳ ಮಾತು ಬೇರೆ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ವಿಜಯಪುರದಲ್ಲಿ ನೆಲೆಸಿ ವಚನಗಳ ತಾಳೆಗರಿಗಳನ್ನು ಮನೆಮನೆ ಅಲೆದು ಕೂಡಿಸಿ ಅಚ್ಚುಹಾಕಿಸಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಅವರ ಕಾಲದ ಮುದ್ರಣಗಳ ಪಿಡಿಎಫ್ ಅನ್ನು ನಿಸ್ಸಂಕೋಚವಾಗಿ ಕೇಳಿ, ಗ್ರಂಥಪಾಲಕರೂ ನಿಸ್ಸಂಕೋಚವಾಗಿ ಕಳಿಸಲಿ.

ಪ್ರಶ್ನೆ: ಗ್ರಂಥಾಲಯದ ವೇಳೆ, ನಿಯಮಗಳನ್ನು ನಾವು ಮೊದಲೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೇವೆ. ಅದನ್ನು ಚಾಟ್‌ಗೆ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಾರಣವೇನು?
— ಗ್ರಂಥಾಲಯ ಸಹಾಯಕಿ, ಮುಧೋಳ

ಉತ್ತರ: ನಿಮ್ಮ ಕಡತ ನುಡಿಯ ಹಳೆಯ ಫಾಂಟಿನಲ್ಲಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ನುಡಿಯಲ್ಲಿಯೇ ಇರುವ ಪರಿವರ್ತಕದಿಂದ ಕಡತವನ್ನು ಎಲ್ಲ ಮೊಬೈಲ್, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಂಡು, ಆಮೇಲೆ ಬಳಸಿ. ಇದಕ್ಕಿಂತ ದೊಡ್ಡ ತೊಂದರೆ ನಿಮ್ಮ ಪುಸ್ತಕಸೂಚಿಯಲ್ಲಿ ಇರಬಹುದು, ಅದನ್ನೂ ಪರೀಕ್ಷಿಸಿ. ಕನ್ನಡ ಪುಸ್ತಕಗಳ ಹೆಸರುಗಳನ್ನು ಹಳೆಯ ಫಾಂಟಿನಲ್ಲಿ ತುಂಬಿದ್ದರೆ ಓದುಗ ಮೊಬೈಲಿನಲ್ಲಿ ಕನ್ನಡದಲ್ಲಿ ಎಷ್ಟು ಹುಡುಕಿದರೂ ಪುಸ್ತಕ ಸಿಗುವುದಿಲ್ಲ, ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ. ಚಾಟ್ ಆರಂಭವಾದ ಕಡೆಗಳಲ್ಲೆಲ್ಲ 'ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ' ಎಂಬ ದೂರು ಮೊದಲ ವಾರದಲ್ಲಿಯೇ ಬರುವುದನ್ನು ನೋಡಿದ್ದೇನೆ. ಓದುಗರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರೆ ಅಥವಾ ಮರಾಠಿಯಲ್ಲಿ, ಉರ್ದುವಿನಲ್ಲಿ ಕೇಳಿದರೆ ತಿದ್ದಲು ಹೋಗಬೇಡಿ. ಅವರು ಕೇಳಿದ್ದು ನಿಮಗೆ ತಿಳಿದರೆ ಸಾಕು.

ಪ್ರಶ್ನೆ: ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಹಗಲಿರುಳು ಉತ್ತರಿಸುವ ಚಾಟ್‌ಬಾಟ್ ಕೂರಿಸಿದರೆ ಗ್ರಂಥಪಾಲಕರು ಸಂಜೆ ಕಾಯುವುದೇಕೆ?
— ಉಪನ್ಯಾಸಕರು, ಬಾಗಲಕೋಟೆ

ಉತ್ತರ: ಗ್ರಂಥಾಲಯ ಎಷ್ಟಕ್ಕೆ ತೆರೆಯುತ್ತದೆ, ತಡವಾದರೆ ದಂಡ ಎಷ್ಟು, ಪುಸ್ತಕವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬಂಥ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸಲಿ, ಅದರಿಂದ ಗ್ರಂಥಪಾಲಕರ ವೇಳೆ ಉಳಿಯುತ್ತದೆ. ಪುಸ್ತಕಗಳ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಒಬ್ಬ ಸಂಶೋಧನಾ ವಿದ್ಯಾರ್ಥಿ ಇಂಥದೇ ಒಂದು ತಂತ್ರಾಂಶ ಕೊಟ್ಟ ಗ್ರಂಥಸೂಚಿಯನ್ನು ನನ್ನ ಬಳಿ ತಂದಿದ್ದ. ಲೇಖಕರ ಹೆಸರು, ಪ್ರಕಾಶಕರು, ವರ್ಷ, ಪುಟಸಂಖ್ಯೆ ಎಲ್ಲವೂ ಒಪ್ಪವಾಗಿದ್ದವು. ಅರ್ಧ ದಿನ ಹುಡುಕಿದ ಮೇಲೆ ಅವುಗಳಲ್ಲಿ ಮೂರು ಪುಸ್ತಕಗಳು ಎಂದೂ ಅಚ್ಚಾಗಿಯೇ ಇಲ್ಲವೆಂಬುದು ಖಚಿತವಾಯಿತು. ಆ ಹುಡುಗ ಅವುಗಳನ್ನು ಆಗಲೇ ತನ್ನ ಪ್ರಬಂಧದ ಅಧ್ಯಾಯದಲ್ಲಿ ಉಲ್ಲೇಖಿಸಿದ್ದ. ಇಂಥ ತಂತ್ರಾಂಶಗಳು ಮುಂದೆ ಬರಬಹುದಾದ ಪದವನ್ನು ಅಂದಾಜಿಸಿ ವಾಕ್ಯ ಕಟ್ಟುತ್ತವೆ. ಕಪಾಟಿನ ಬಳಿ ಹೋಗಿ ನೋಡಿ ಬರುವುದಿಲ್ಲ. ಕನ್ನಡದ ಹಳೆಯ ಪುಸ್ತಕಗಳ ವಿವರ ಅಂತರ್ಜಾಲದಲ್ಲಿ ಕಡಿಮೆ ಇರುವುದರಿಂದ ನಮ್ಮಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಾಟ್ ಇಡುವವರು 'ಇದು ಯಂತ್ರದ ಉತ್ತರ' ಎಂದು ಸ್ಪಷ್ಟವಾಗಿ ಬರೆಯಬೇಕು, ಮತ್ತು 'ಗ್ರಂಥಪಾಲಕರ ಜೊತೆ ಮಾತಾಡಿ' ಎಂಬ ಬಟನ್ ಮೊದಲ ಉತ್ತರದ ಕೆಳಗೇ ಇರಬೇಕು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಹಳ್ಳಿಯ ಗ್ರಂಥಾಲಯದ) ಮೇಲ್ವಿಚಾರಕಿ. ನಮಗೆ ಜಾಲತಾಣವಿಲ್ಲ. ನಮ್ಮಂಥವರು ಈ ಸೇವೆ ಕೊಡಲು ಸಾಧ್ಯವೇ?
— ಮೇಲ್ವಿಚಾರಕಿ, ಹುನಗುಂದ ತಾಲ್ಲೂಕು

ಉತ್ತರ: ಖಂಡಿತ ಸಾಧ್ಯ, ತಾಯಿ. ಜಾಲತಾಣ ಇರಲೇಬೇಕೆಂದಿಲ್ಲ. ಪಂಚಾಯಿತಿಯಿಂದ ಕೇಂದ್ರದ ಹೆಸರಿಗೆ ಒಂದು ಸಿಮ್ ಕೇಳಿ ಪಡೆಯಿರಿ. ಆ ಸಂಖ್ಯೆಯನ್ನೂ ಅದರ ವಾಟ್ಸ್‌ಆ್ಯಪ್ ಕ್ಯೂಆರ್ ಕೋಡನ್ನೂ ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಹಾಲಿನ ಡೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ಹಚ್ಚಿಸಿ. ಬಟನ್ ಮೊಬೈಲ್ ಇರುವವರು ಅದೇ ಸಂಖ್ಯೆಗೆ ಕರೆ ಮಾಡಲಿ. ಎಲ್ಲ ಪ್ರಶ್ನೆಗಳಿಗೂ ನೀವೇ ಉತ್ತರಿಸಬೇಕೆಂಬ ಭಾರವನ್ನು ಹೊರಬೇಡಿ. ಹುನಗುಂದ, ಇಳಕಲ್ಲ ಕಡೆಯ ಕಾಲೇಜು ಗ್ರಂಥಪಾಲಕರಲ್ಲಿ ಒಬ್ಬಿಬ್ಬರನ್ನು ಮೊದಲೇ ಕಂಡು ಮಾತಾಡಿಕೊಂಡಿದ್ದರೆ, ನಿಮಗೆ ತಿಳಿಯದ ಪ್ರಶ್ನೆಯನ್ನು ಕೇಳಿದವರ ಹೆಸರಿಲ್ಲದೆ ಅವರಿಗೆ ಕಳಿಸಿ, ಬಂದ ಉತ್ತರವನ್ನು ಊರವರಿಗೆ ದಾಟಿಸಬಹುದು. ಓದಲು ಬಾರದ ಹಿರಿಯರು ಧ್ವನಿ ಸಂದೇಶದಲ್ಲಿ ಕೇಳಲಿ, ನೀವೂ ಧ್ವನಿಯಲ್ಲಿಯೇ ಉತ್ತರಿಸಿ. ನೇಕಾರರ ಮನೆಗಳಲ್ಲಿ ಮಗ್ಗದ ಮುಂದೆ ಕೂತವರಿಗೆ ಎರಡೂ ಕೈ ಬಿಡುವಿರುವುದಿಲ್ಲ, ಅವರಿಗೂ ಅದೇ ಅನುಕೂಲ. ಮೊದಲ ತಿಂಗಳು ಬಂದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಈ ಅಂಕಣದ ವಿಳಾಸಕ್ಕೆ ಕಳಿಸಿಕೊಡಿ. ಅವುಗಳಲ್ಲಿ ನಿಮಗೆ ಉತ್ತರ ಸಿಗದೇ ಉಳಿದವನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳುತ್ತೇನೆ.